ಶಟರ್‌ಗೆ ಸಿಕ್ಕ ಬೆರಳು

...ಮೆಲ್ಲಗೆ ಬಿಚ್ಚೇ, ಮೆಲ್ಲಗೆ! ತಪ್ಪು ಹೊಲಿಗೆ ಕಿತ್ತ ಹಾಗೆ ಕೀಳ್ತಿದ್ದೀಯಲ್ಲ, ನಿಮ್ಮಪ್ಪನ ಬೆರಳು ಕಣೇ ಅದು! ಆಹಾ... ನಗು ಬಂತಾ? ಇಲ್ವಾ? ತುಟಿ ಅಲ್ಲಾಡಿದ ಹಾಗಾಯ್ತು. ಹೋಗ್ಲಿ ಬಿಡು, ನನ್ನ ಕಣ್ಣಿಗೂ ವಯಸ್ಸಾಯ್ತು.

ಮೂರು ವಾರ! ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಹಳೇ ಪಟ್ಟಿ ಬಿಚ್ಚೋದು, ಹೊಸದು ಸುತ್ತೋದು, ಹೋಗಿ ಮಿಷಿನ್ ಮುಂದೆ ಕೂರೋದು. ಒಂದು ಮಾತಿಲ್ಲ, ಕತೆಯಿಲ್ಲ. ಡಾಕ್ಟರು ವಿಶ್ರಾಂತಿ ಅಂದಿದ್ದು ನನ್ನ ಬೆರಳಿಗೆ ಮಹಾರಾಣಿ, ನಿನ್ನ ನಾಲಿಗೆಗಲ್ಲ.

ಆ ಡಾಕ್ಟರೋ, ಮಹಾನುಭಾವರು! ಅರ್ಧ ದಿನ ಬೆಂಚಿನ ಮೇಲೆ ಕೂರಿಸಿ, ಮಧ್ಯದ ಬೆರಳಿನ ಗೆಣ್ಣು ಉಳುಕಿದೆ, ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿ ಅಂದರು. ಪಾಪ, ಏನೂ ಮಾಡದ ಉಂಗುರದ ಬೆರಳಿಗೂ ಮೂರು ವಾರ ಜೈಲು! ಕತ್ತರಿ ಹಿಡಿಯೋ ಹಾಗಿಲ್ಲ. ಊರವರಿಗೆಲ್ಲ ಗುಂಡಿ ಹೊಲಿಯೋ ಟೈಲರಿಗೆ ತನ್ನ ಅಂಗಿ ಗುಂಡಿ ಹಾಕೋಕೆ ಹೆಂಡತಿ ಬೇಕು. ನಿಮ್ಮಮ್ಮ ಬಿಡ್ತಾಳಾ? 'ಶಟರ್ ಎಳೆಯೋವಾಗ ಕಣ್ಣು ಎಲ್ಲಿತ್ತು' ಅಂತ ದಿನಕ್ಕೆ ನಾಲ್ಕು ಸಲ ಮಂಗಳಾರತಿ.

ಯಾಕೆ ಹಾಗೆ ನೋಡ್ತೀಯ? ಶಟರ್ ತಾನೇ? ಶಟರೇ! ಇಸ್ತ್ರಿಯವನಿಗೂ ಅದನ್ನೇ ಹೇಳಿದ್ದೀನಿ, ಪಕ್ಕದ ಔಷಧಿ ಅಂಗಡಿಯವನಿಗೂ. ಅವನು ಎಷ್ಟು ಒಳ್ಳೆಯವನು ಅಂದರೆ, ಶಟರ್‌ಗೆ ಹಾಕಿ ಅಂತ ಎಣ್ಣೆ ಬೇರೆ ತಂದುಕೊಟ್ಟ. ಹಾಕಿದೆ. ಇನ್ನೇನು ಮಾಡ್ಲಿ?

ಓ, ಆ ಮೇಷ್ಟ್ರ ಕೋಟಿನ ವಿಷಯಕ್ಕೆ ಮುಖ ಊದಿಸಿಕೊಂಡಿದ್ದೀಯಾ ಇನ್ನೂ? ಅದರಲ್ಲಿ ಇಬ್ಬರದೂ ತಪ್ಪಿದೆ ಅಂತ ಯಾವತ್ತೋ ಒಪ್ಪಿಕೊಂಡಿದ್ದೀನಿ... ಮನಸ್ಸಲ್ಲೇ. ನಮ್ಮ ಅಳತೆ ಟೇಪಿನ ಮೊದಲ ಇಂಚು ಹರಿದುಹೋಗಿ ಎಷ್ಟು ವರ್ಷ ಆಯ್ತು! ಟೇಪು ಇಪ್ಪತ್ತೈದು ತೋರಿಸಿದರೆ ನಿಜವಾದ ಅಳತೆ ಇಪ್ಪತ್ನಾಲ್ಕು. ನಾನು ಒಂದು ಕಳೆದೇ ಅಳತೆ ಕೂಗಿದೆ. ಮಗಳು ಬಲು ಜಾಣೆ, ಅಪ್ಪ ಮರೆತಿರ್ತಾನೆ ಅಂತ ಇನ್ನೊಂದು ಕಳೆದು ಬರೆದುಕೊಂಡಳು! ತೋಳು, ಎದೆ, ಉದ್ದ, ಎಲ್ಲಾ ಒಂದೊಂದು ಇಂಚು ಕಮ್ಮಿ. ಆ ಮೇಷ್ಟ್ರು ತಮ್ಮನ ಕೋಟು ಹಾಕಿಕೊಂಡವರ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದು, ಅಬ್ಬಾ! ಬಾಯಿಗೆ ಬಂದ ಹಾಗೆ ಬೈದು, ಕೋಟು ನನ್ನ ಮೇಲೆ ಎಸೆದು ಹೋದರು.

ಆಮೇಲಾದರೂ ನೀನು ಸುಮ್ಮನಿರಬಾರದಿತ್ತಾ? 'ಹೊಸ ಟೇಪು ತಗೊಳ್ಳಿ ಅಂತ ನೂರು ಸಲ ಹೇಳಿದ್ದೆ ಅಪ್ಪಾ' ಅಂದೆ. ಮೂವತ್ತು ವರ್ಷ ಕತ್ತರಿ ಹಿಡಿದವನಿಗೆ! ಆಮೇಲೆ... ಆಮೇಲೆ ಶಟರ್ ಎಳೆದೆ. ಬೆರಳು ಸಿಕ್ಕಿಕೊಳ್ತು. ಅಷ್ಟೇ.

ಆಯ್ತಾ ಬಿಚ್ಚಿದ್ದು? ಹಾಂ... ಊತ ಇಳಿದಿದೆ. ಮಡಚ್ತೀನಿ ನೋಡು. ಅಯ್ಯಬ್ಬಾ! ಬಿಗಿ ಇದೆ, ಆದರೂ ಮಡಚುತ್ತೆ. ಇವತ್ತಿಂದ ದಿನಕ್ಕೆ ಹತ್ತು ಸಲ ಕೈ ಮೇಲೆತ್ತಿ ಬೆರಳು ಬಿಡಿಸಬೇಕಂತೆ. ಇಗೋ, ಹೀಗೆ ಎತ್ತಿ...

ಏ. ಯಾಕೆ... ಯಾಕೆ ತಲೆ ಬಗ್ಗಿಸಿದೆ?

ಬೆರಳು ಬಿಡಿಸೋಕೆ ಎತ್ತಿದ್ದು ಕಣೇ. ಡಾಕ್ಟರು ಹೇಳಿದ್ದು... ವ್ಯಾಯಾಮ...

ಅವತ್ತೂ ಹೀಗೇ ಬಗ್ಗಿಸಿದೆ. ಅದಕ್ಕೇ ಏಟು ನಿನ್ನ ಹಿಂದಿದ್ದ ಒಳಬಾಗಿಲ ಚೌಕಟ್ಟಿಗೆ ಬಿತ್ತು. ಬಗ್ಗಿಸದೇ ಇದ್ದಿದ್ದರೆ... ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಬೆಳೆದ ಮಗಳ ಮೇಲೆ ಕೈ ಎತ್ತಿದೆನಲ್ಲ, ಒಂದು ಇಂಚಿಗೋಸ್ಕರ. ಶಟರ್ ಅಂತ ನಿಮ್ಮಮ್ಮನ ಮುಂದೆ ಬೊಗಳಿದಾಗ ನೀನು ಅಲ್ಲೇ ನಿಂತಿದ್ದೆ. ಅಲ್ಲ ಅನ್ನಲಿಲ್ಲ. ದಿನಾ ಬಂದು ಇದೇ ಕೈಗೆ ಪಟ್ಟಿ ಕಟ್ಟಿದೆ... ನಾನು ಅದಕ್ಕೂ ಏನೇನೋ ಕೊಂಕು ಆಡ್ತಾ ಕೂತೆ.

ನೋಡು, ಕೈ ಕೆಳಗಿಟ್ಟೆ. ಮೇಜಿನ ಮೇಲಿದೆ, ಅಲ್ಲಾಡಿಸಲ್ಲ. ತಪ್ಪು ನಂದು ಮಗಳೇ. ಹೆದರಬೇಡ... ತಲೆ ಎತ್ತು.