ಹನಿ ಹಾಕಲು ಯಾರಿದ್ದಾರೆ?

ಥಾಯ್ಲೆಂಡಿನ ಖೋನ್ ಕೇನ್ ಊರಿನ ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದ ಮುದುಕಿ ಬುವಾಲೈಯನ್ನು ನರ್ಸ್ ಗದರಿಸುತ್ತಿದ್ದಳು.

“ಅಜ್ಜಿ, ಗಾಂಜಾ ಎಣ್ಣೆ ಕಣ್ಣಿಗೆ ಬಿಟ್ಕೊಂಡ್ರಾ?”

“ಗಾಂಜಾ ಹೋಗಿ ಕೂರೋ ಜಾಗ ಕಣ್ಣೊಳಗೇ ಇದೆ, ಅದನ್ನ ಮುಟ್ಟಿದ್ರೆ ಬಾವು ಇಳಿಯುತ್ತೆ ಅಂತ ಡಾಕ್ಟ್ರೇ ಅಂದ್ರಲ್ಲ!”

“ಆ ಜಾಗ ಮುಟ್ಟೋಕೆ ಅಂತ್ಲೇ ಅಮಲಿಲ್ಲದ ಬೇರೆ ಔಷಧಿ ಮಾಡ್ತಿದ್ದಾರೆ. ಇನ್ನೂ ಪರೀಕ್ಷೆಯಲ್ಲಿದೆ.”

“ಪರೀಕ್ಷೆಗೆ ನನ್ನನ್ನೂ ಸೇರಿಸ್ಕೊಳ್ಳಮ್ಮ. ಒಂದು ಕಣ್ಣು ಆಗ್ಲೇ ಹೋಗಿದೆ.”

“ದಿನಕ್ಕೆ ನಾಲ್ಕು ಸಲ ಹನಿ ಹಾಕೋಕೆ ಮನೇಲಿ ಯಾರಾದ್ರೂ ಇರ್ಲೇಬೇಕು. ಯಾರಿದ್ದಾರೆ?”

“ನಮ್ಮ ಯಜಮಾನ್ರು.”

“ಮತ್ತೆ ಅವರನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?”

“ಮನೇಲಿ ಬುದ್ಧನ ಮೂರ್ತಿ ಪಕ್ಕ, ಕುಡಿಕೇಲಿ ಬೂದಿಯಾಗಿ ಕೂತಿದ್ದಾರೆ. ಎತ್ಕೊಂಡು ಬರ್ಲಾ?”

ಯಾರ ಮೇಲಾದರೂ ರೇಗೋಣವೆಂದರೆ ಅಲ್ಲಿ ಯಾರದೂ ತಪ್ಪಿರಲಿಲ್ಲ. ನರ್ಸ್ ಅವಳ ಹೆಸರು ಬರೆದುಕೊಳ್ಳದೆ ಪೆನ್ನು ಮುಚ್ಚಿ ಒಳಗೆ ಹೋದಳು. ಮುದುಕಿ ಗೋಡೆ ಸವರುತ್ತ ಹೊರಬಾಗಿಲು ಹುಡುಕಿಕೊಂಡು ಹೊರಟಳು.