ಧಾರಾವಾಹಿಯ ಜುಬೇದಾ

ರಾಮದಾಸಪೇಠದ ಕಣ್ಣಿನ ಆಸ್ಪತ್ರೆಯಲ್ಲಿ ಕೃಷ್ಣವೇಣಿಯ ನೆರೆಮನೆಯ ಮೆಹರುನ್ನೀಸಾ ಔಷಧಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಕಲಬುರಗಿಯವಳು; ಇಡೀ ನಾಗಪುರದಲ್ಲಿ ಕೃಷ್ಣವೇಣಿಯ ಜೊತೆ ದಿನವೂ ಕನ್ನಡ ಆಡುವವಳು ಅವಳೊಬ್ಬಳೇ. ಕೃಷ್ಣವೇಣಿ ಅವಳಿಗೆ ಜೊತೆಯಾಗಿ ಬಂದಿದ್ದಳು. ಎದುರಿನ ಬೆಂಚಿನ ಇಬ್ಬರು ಹುಡುಗಿಯರು, ತಮ್ಮ ಕನ್ನಡ ಇಲ್ಲಿ ಯಾರಿಗೂ ತಿಳಿಯದೆಂದು, ದೆವ್ವದ ಧಾರಾವಾಹಿಯೊಂದರ ಬಗ್ಗೆ ಜೋರಾಗಿಯೇ ವಾದಿಸುತ್ತಿದ್ದರು.

“ಬರೋಬರ್ ಹೇಳ್ತೀನಿ ನಿಕಿತಾ, ಆ ಜುಬೇದಾನೇ ದೆವ್ವ.”

“ಯಾಕ, ಬುರ್ಖಾ ಹಾಕ್ಯಾಳಂತನಾ?”

“ಮತ್ತ? ಕಾಲು ಹಿಂದುಮುಂದು ಇದ್ರೂ ಅದರೊಳಗ ಯಾರಿಗೆ ಕಾಣ್ತೈತಿ?”

ಕೃಷ್ಣವೇಣಿ ಕಿಸಕ್ಕನೆ ನಕ್ಕುಬಿಟ್ಟಳು. ನಕ್ಕ ಮೇಲೆಯೇ ಪಕ್ಕದಲ್ಲಿ ಯಾರಿದ್ದಾರೆಂಬುದು ನೆನಪಾಯಿತು.

“ಥೂ ರಾಗಿಣಿ! ಅಕಿ ದೆವ್ವ ಅಲ್ಲ. ನಾಯಕೀನ ಉಳಿಸಾಕ ಹೋಗಿ ತಾನ ಸಾಯ್ತಾಳ ನೋಡ್ತಿರು.”

“ಹಂಗೂ ಆಗಬಹುದು.”

“ಅದಕ್ಕ ನನಗ ಸಿಟ್ಟು. ಅಕಿ ದೆವ್ವ ಆಗ್ಬೇಕು, ಇಲ್ಲಾ ಹೆಣ ಆಗ್ಬೇಕು. ಎಲ್ಲಾರಂಗ ಮದುವಿ ಮಾಡ್ಕೊಂಡು, ಅತ್ತಿ ಜೋಡಿ ಜಗಳಾಡ್ಕೊಂಡು ಇರಬಾರದೇನು?”

“ನಿನ್ನ ಭಾಷಣ ಸಾಕವ್ವ. ನಂಬರ್ ಬಂತು, ಚಲ್ ಜಲ್ದಿ.”

ಹುಡುಗಿಯರು ಎದ್ದು ಒಳಗೆ ಹೋದರು.

ಮೆಹರುನ್ನೀಸಾ ಕಣ್ಣು ತೆರೆಯಲಿಲ್ಲ.

“ಭಾಳ ದಿನಕ್ಕ ನಕ್ರಿ ಅಕ್ಕಾ,” ಎಂದಳು. “ಭಾವ ಹೋದಮ್ಯಾಲೆ ನಿಮ್ಮ ನಗೀನೇ ಕೇಳಿದ್ದಿಲ್ಲ.”

ಕೃಷ್ಣವೇಣಿ ಮುಚ್ಚಿದ ಆ ಕಣ್ಣುಗಳ ಎದುರಿಗೂ ತಲೆ ಎತ್ತಲಾರದೆ ಕೂತಳು.