ಸೊಳ್ಳೆಗೆ ಬೀಸಿದ ಏಟು

ನಡುರಾತ್ರಿ ಆಸ್ಪತ್ರೆಯ ಬೆಂಚಿನಲ್ಲಿ ಮಂಜುಗಡ್ಡೆಯ ಚೀಲ ಕರಕರ ಎಂದಿತು. ಪಕ್ಕದವನು ಅದನ್ನು ಹುಬ್ಬಿಗೆ ಒತ್ತಿಕೊಂಡಿದ್ದ. ಅವನಿಗೆ ಆತು ಕೂತಿದ್ದ ಹೆಂಡತಿಯ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ್ದೆ: ಬ್ಯಾಡ್ಮಿಂಟನ್ ಮಿಶ್ರ ಡಬಲ್ಸ್ ಚಾಂಪಿಯನ್.

“ಸೊಳ್ಳೆ ಬ್ಯಾಟ್ ಬೀಸುವಾಗ ‘ನಂದು’ ಅಂತ ಕೂಗಿದ್ನಲ್ರೀ! ಯಾಕೆ ಅಡ್ಡ ಬಂದ್ರಿ?”

“ಆಟದಲ್ಲಿ ಕೂಗೋ ಹಂಗೆ ಮನೇಲೂ ಕೂಗ್ತೀಯ ಅಂತ ನಂಗೇನು ಗೊತ್ತು ತಾಯಿ?”

“ಇಷ್ಟು ವರ್ಷ ನನ್ ಜೊತೆ ಆಡಿದೋನಿಗೆ ಒಂದು ಗೀರೂ ಬಿದ್ದಿಲ್ಲ. ನಾನು ಕೂಗಿದ ತಕ್ಷಣ ಹಿಂದೆ ಸರೀತಾನೆ.”

“ಪುಣ್ಯವಂತ. ಕಪ್ ಅವನಿಗೆ, ಏಟು ನಂಗೆ.”

“ನಾಳೆ ನನ್ನ ಕೊನೇ ಫೈನಲ್ ರೀ. ನಿಮ್ಮನ್ನ ಹೀಗೆ ಬಿಟ್ಟು ಹೇಗೆ ಹೋಗ್ಲಿ? ಆಡಲ್ಲ ಅಂತ ಅವನಿಗೆ ಹೇಳ್ಬಿಡ್ಲಾ?”

“ಆಡು. ಇದನ್ನ ಮಾತ್ರ ಯಾರಿಗೂ ಹೇಳೋದು ಬೇಡ. ಗೊತ್ತಾದ್ರೆ ಅವನು ಹೆಲ್ಮೆಟ್ ಹಾಕ್ಕೊಂಡು ಬರ್ತಾನೆ.”

ಹೇಗಾಯಿತೆಂದು ನರ್ಸ್ ಕೇಳಿದಳು.

“ಬಾಗಿಲು ತಗುಲಿತು,” ಎನ್ನುತ್ತ ಅವನು ಎದ್ದ. ಹೆಂಡತಿ ಮುಂದೆ ಹೋಗಿ, ಅವನಿಗಾಗಿ ಬಾಗಿಲನ್ನು ಮೆಲ್ಲಗೆ ತೆರೆದು ಹಿಡಿದಳು.